ಮನೆಯಲ್ಲಿ ಕಟ್ಟಿದ ಕಾರು

ನಮ್ಮ ಏಕಸಂಬಿಯ ಹೆಣ್ಣುಮಕ್ಕಳಿಗೆ ಇಚಲಕರಂಜಿ ಎಂದರೆ ಬಟ್ಟೆಯ ಊರು. ದೂಧಗಂಗೆ ದಾಟಿದರೆ ಮಹಾರಾಷ್ಟ್ರ, ಅಲ್ಲಿಂದ ಸ್ವಲ್ಪ ದೂರ ಹೋದರೆ ಆ ಪೇಟೆ. ಮದುವೆಯ ಜವಳಿ ಇರಲಿ, ಮಕ್ಕಳ ಅಂಗಿಗೆ ಪಾಪ್ಲಿನ್ ಇರಲಿ, ಅಲ್ಲಿಗೇ ಹೋಗುವುದು ನಮ್ಮ ತಾಯಂದಿರ ಕಾಲದಿಂದ ನಡೆದು ಬಂದ ರೂಢಿ. 1904ರಲ್ಲಿ ವಿಠ್ಠಲರಾವ್ ದಾತಾರ ಎಂಬವರು ಅಲ್ಲಿ ಮೊದಲ ಯಂತ್ರಮಗ್ಗ ಹಾಕಿದರು. ಅಂದಿನಿಂದ ಆ ಊರಿನ ಓಣಿಗಳಲ್ಲಿ ಮಗ್ಗದ ಸದ್ದು ನಿಂತಿಲ್ಲ. ಆದರೆ ಅದೇ ಊರಿನಲ್ಲಿ ಒಂದು ಮೋಟಾರು ಕಾರೂ ಹುಟ್ಟಿತ್ತು ಎಂದು ಹೇಳಿದರೆ ಜವಳಿ ಅಂಗಡಿಯ ಗಾದಿಯ ಮೇಲೆ ಕುಳಿತ ನಮ್ಮ ಗೆಳತಿಯರು ನಂಬುವುದಿಲ್ಲ. "ಸೀರಿ ನೋಡಾಕ ಬಂದೇವಿ, ಇಲ್ಲೂ ನಿನ್ನ ಇತಿಹಾಸದ ಪಾಠಾನ?" ಎಂದು ನಗುತ್ತಾರೆ.

ಆ ಕಾರಿನ ಹೆಸರು ಮೀರಾ. ಅದನ್ನು ಮಾಡಿದವರು ಶಂಕರರಾವ್ ಕುಲಕರ್ಣಿ. ಅವರು ಶಾಲೆ ಕಲಿತದ್ದು ಏಳನೆಯ ಇಯತ್ತೆಯವರೆಗೆ ಮಾತ್ರ. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ನಮ್ಮ ದೇಶಕ್ಕೆ, ನಮ್ಮ ರಸ್ತೆಗೆ, ನಮ್ಮ ಮಧ್ಯಮ ವರ್ಗದ ಕಿಸೆಗೆ ಹೊಂದುವ ಸಣ್ಣ ಕಾರೊಂದು ಬೇಕು ಎಂಬ ಹಂಬಲ ಹಿಡಿದು 1945ರಲ್ಲಿ ಕೆಲಸಕ್ಕೆ ತೊಡಗಿದರು. ದೇಶಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. 1949ರಲ್ಲಿ ಇಬ್ಬರು ಕೂಡುವ ಮೊದಲ ಗಾಡಿ ತಯಾರಾಯಿತು. ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಒಂದನ್ನು ಮಾಡುವುದು, ಓಡಿಸಿ ನೋಡುವುದು, ತಪ್ಪು ಕಂಡಲ್ಲಿ ತಿದ್ದಿ ಮತ್ತೊಂದನ್ನು ಮಾಡುವುದು, ಹೀಗೆ ಇಪ್ಪತ್ತು ವರ್ಷಕ್ಕೂ ಮೇಲೆ ನಡೆಯಿತು. 1970ರ ಹೊತ್ತಿಗೆ ಸಿದ್ಧವಾದ ಮಾದರಿಯಲ್ಲಿ ಎಂಜಿನ್ ಹಿಂಭಾಗದಲ್ಲಿತ್ತು. ಅದಕ್ಕೆ ಇಂಗ್ಲಿಷ್ ವಿ ಅಕ್ಷರದಂತೆ ಎರಡು ಸಿಲಿಂಡರ್, 19 ಅಶ್ವಶಕ್ತಿ. ಲೀಟರ್ ಪೆಟ್ರೋಲಿಗೆ 21 ಕಿಲೋಮೀಟರ್ ಓಡುತ್ತಿತ್ತು. ಕುಲುಕು ತಡೆಯಲು ಕಬ್ಬಿಣದ ಪಟ್ಟಿಗಳ ಬದಲು ರಬ್ಬರು. 12 ಸಾವಿರ ರೂಪಾಯಿಗೆ ಮಾರಬಹುದು ಎಂಬುದು ಅವರ ಲೆಕ್ಕವಾಗಿತ್ತು. 1975ರಲ್ಲಿ ಮೀರಾ ಮುಂಬೈಯನ್ನೂ ನೋಡಿ ಬಂತು. ಆದರೆ ಕಾರ್ಖಾನೆಯ ಬಾಗಿಲನ್ನು ಮಾತ್ರ ಅದು ಕಾಣಲಿಲ್ಲ.

ಯಾಕೆ ಕಾಣಲಿಲ್ಲ ಎಂಬುದನ್ನು ತಿಳಿಯಬೇಕಾದರೆ ಆ ಕಾಲವನ್ನು ನೆನೆಯಬೇಕು. 1951ರ ಕೈಗಾರಿಕಾ ಕಾಯ್ದೆಯ ಪ್ರಕಾರ ದೊಡ್ಡ ಉದ್ಯಮ ಯಾವುದೇ ಇರಲಿ, ದಿಲ್ಲಿಯ ಲೈಸೆನ್ಸ್ ಇಲ್ಲದೆ ನಡೆಯುವಂತಿರಲಿಲ್ಲ. ಏನು ಮಾಡಬೇಕು, ಎಷ್ಟು ಮಾಡಬೇಕು ಎಂಬುದನ್ನೂ ಸರಕಾರವೇ ಹೇಳುತ್ತಿತ್ತು. ದೇಶದಲ್ಲಿ ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್ ಎಂದು ಮೂರೇ ಮನೆತನದ ಕಾರುಗಳು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಜನತೆಯ ಸಣ್ಣ ಕಾರು ಬೇಕೆಂಬ ಚರ್ಚೆ ಐವತ್ತರ ದಶಕದ ಕೊನೆಯಿಂದಲೂ ಸಮಿತಿಗಳಲ್ಲಿ ನಡೆದೇ ಇತ್ತು. 1970ರಲ್ಲಿ ಅದರ ಅನುಮತಿ ಪತ್ರ ಸಂಜಯ ಗಾಂಧಿಯವರಿಗೆ ದೊರೆಯಿತು, 1971ರಲ್ಲಿ ಮಾರುತಿ ಕಂಪನಿ ಹುಟ್ಟಿತು. ಆ ಕಂಪನಿಯೂ ಮುಳುಗಿತು. 1981ರಲ್ಲಿ ಸರಕಾರವೇ ಮಾರುತಿ ಉದ್ಯೋಗ ಎಂದು ಹೊಸದಾಗಿ ಕಟ್ಟಿ ಜಪಾನಿನ ಸುಜುಕಿಯನ್ನು ಜೊತೆಗೆ ಸೇರಿಸಿಕೊಂಡಿತು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಹೊರಬಂತು. ಜನತೆಯ ಕಾರು ಬಂತು, ಬಂದದ್ದು ಜಪಾನಿನ ನಕ್ಷೆಯಿಂದ. ಇಚಲಕರಂಜಿಯ ಮೀರಾ ಮಾದರಿಯಾಗಿಯೇ ಉಳಿಯಿತು.

ಒಂದು ಗಾಡಿ ಕಟ್ಟಲು ಕೈ, ಕಣ್ಣು, ತಾಳ್ಮೆ ಸಾಕು. ಸಾವಿರ ಗಾಡಿ ಕಟ್ಟಬೇಕೆಂದರೆ ಬಂಡವಾಳ, ಜಮೀನು, ಕಾಗದಪತ್ರ, ದಿಲ್ಲಿಯ ದಾರಿ ಎಲ್ಲವೂ ಬೇಕು. ಮೊದಲನೆಯದರಲ್ಲಿ ಗೆದ್ದವರು ಎರಡನೆಯದರಲ್ಲಿ ಸೋತದ್ದನ್ನು ಕಂಡು ನಮ್ಮ ಜನ "ಸುಮ್ಮನ ರೊಕ್ಕ ಹಾಳ" ಎಂದುಬಿಡುತ್ತಾರೆ. ನಾನು ಹಾಗೆ ಹೇಳಲಾರೆ. ಅದಕ್ಕೆ ಕಾರಣ ನಮ್ಮ ಮನೆತನದಲ್ಲೇ ಒಂದು ಕಾರು ಹುಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರ ಖರ್ಚಿನ ಲೆಕ್ಕದ ವಹಿಯೂ ಈಗ ನನ್ನ ಬಳಿ ಇದೆ.

ಈ ಸೀಮೆಯ ಗಾಳಿಯಲ್ಲೇ ಕಬ್ಬಿಣದ ಹುಚ್ಚು ಇದೆ ಎನ್ನಬೇಕು. ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಅಲ್ಲಿಂದ ಮೇವು ಕತ್ತರಿಸುವ ಯಂತ್ರಕ್ಕೆ, ಅದರಿಂದ ಕಬ್ಬಿಣದ ನೇಗಿಲಿಗೆ ಬಂದರು. ಕಬ್ಬಿಣ ಸೋಕಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಹೆದರಿ, ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತಂತೆ. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಮುಂದೆ ಕೊಲ್ಲಾಪುರದ ಉದ್ಯಮನಗರದಲ್ಲಿ ಲೇಥುಗಳು ತಿರುಗತೊಡಗಿದವು. ಕೃಷ್ಣೆ, ದೂಧಗಂಗೆ, ವೇದಗಂಗೆಯ ದಂಡೆಗಳಲ್ಲಿ ಕಬ್ಬು ಬಂತು, ನೀರೆತ್ತುವ ಎಂಜಿನ್ನುಗಳು ಬಂದವು. ಕೆಟ್ಟ ಎಂಜಿನ್ನು ರಿಪೇರಿ ಮಾಡುವವನು ಪ್ರತಿ ಊರಿಗೊಬ್ಬ ಬೇಕಾದ.

ಏಕಸಂಬಿಯಲ್ಲಿ ಅಂಥವರೊಬ್ಬರು ನನ್ನ ತಾಯಿಯ ತಮ್ಮ, ನಮ್ಮ ಮಾಮಾ. ವೆಲ್ಡಿಂಗ್ ಮತ್ತು ಒಂದು ಹಳೆಯ ಲೇಥ್ ಇದ್ದ ಸಣ್ಣ ಗ್ಯಾರೇಜು ಅವರದು. ಕಬ್ಬಿನ ಬಂಡಿಯ ಅಚ್ಚು ಬೆಸೆಯುವುದು, ಪಂಪಿನ ಎಂಜಿನ್ ಬಿಚ್ಚಿ ಕೂಡಿಸುವುದು ದಿನದ ದುಡಿಮೆ. ಮೀರಾ ಕಾರಿನ ಸುದ್ದಿ ಅವರ ಕಿವಿಗೆ ಬಿದ್ದಿತ್ತು. "ಏಳನೇ ಇಯತ್ತೆ ಕಲಿತಾವರು ಕಾರ ಮಾಡ್ಯಾರ, ನಾ ಹತ್ತನೇದ ತನಕ ಹೋಗೇನಿ" ಎನ್ನುವುದು ಅವರ ವಾದ. 1982ರಲ್ಲಿ, ನಾನು ಕನ್ನಡ ಶಾಲೆ ಮುಗಿಸಿ ಹೈಸ್ಕೂಲಿಗೆ ಹೊರಟ ವರ್ಷ, ಗುಜರಿಗೆ ಬಿದ್ದಿದ್ದ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ಕೊಂಡು ಜೋಡೆತ್ತು ಕಟ್ಟಿ ಎಳೆದು ತಂದರು. ಓಣಿಯ ಮಕ್ಕಳೆಲ್ಲ ಹಿಂದೆ ಮೆರವಣಿಗೆ ಬಂದೆವು. ಹೊಸ ಗಾಡಿ ಬಂತೆಂದು ಆರತಿ ತರಲು ಯಾರೋ ಹೇಳಿದಾಗ ಮಾಮಿ ಬಾಗಿಲಲ್ಲೇ ನಿಂತು, "ಸತ್ತ ಗಾಡಿಗಿ ಆರತಿ ಯಾರ ಎತ್ತತಾರ?" ಎಂದರು.

ಆದರೆ ಮಾಮಾ ಅದನ್ನು ಸುಮ್ಮನೆ ಆರಿಸಿರಲಿಲ್ಲ. ಈಗಿನ ಕಾರುಗಳಲ್ಲಿ ಮೈಯೂ ಅಡಿಯ ಚೌಕಟ್ಟೂ ಒಂದೇ ಆಗಿರುತ್ತವೆ. ಹೆರಾಲ್ಡಿನಲ್ಲಿ ಹಾಗಲ್ಲ, ಕೆಳಗೆ ಚಾಸಿ ಬೇರೆ, ಮೇಲೆ ಮೈ ಬೇರೆ. ತುಕ್ಕು ಹಿಡಿದ ಮೈಯನ್ನು ಬೋಲ್ಟು ಬಿಚ್ಚಿ ಎತ್ತಿಟ್ಟರೆ ಚಾಸಿ, ಎಂಜಿನ್ನು, ಗಾಲಿ ಉಳಿಯುತ್ತವೆ, ಅದರ ಮೇಲೆ ನಮಗೆ ಬೇಕಾದ ಮೈ ಕಟ್ಟಬಹುದು. ಇದೇ ಕಾರಣಕ್ಕೆ ಇಂಗ್ಲೆಂಡಿನಲ್ಲಿಯೂ ಮನೆಯಲ್ಲಿ ಕಾರು ಕಟ್ಟುವ ಹವ್ಯಾಸಿಗಳಿಗೆ ಹೆರಾಲ್ಡ್ ಬಹಳ ಪ್ರಿಯವಾಗಿತ್ತು ಎಂಬುದನ್ನು ನಾನು ಎಷ್ಟೋ ವರ್ಷಗಳ ನಂತರ ಓದಿ ತಿಳಿದೆ.

ಎರಡು ವರ್ಷದ ಕೆಲಸ ಎಂದು ಹೊರಟದ್ದು ಏಳು ವರ್ಷ ಹಿಡಿಯಿತು. ಇಂಥ ಕೆಲಸದ ದೊಡ್ಡ ಬೇಸರ ಅಲ್ಲೇ ಇದೆ. ಹಳೆಯ ಮನೆಯ ಒಂದು ಹೆಂಚು ತೆಗೆಯಲು ಹೋದರೆ ಕೆಳಗಿನ ತೊಲೆ ಹುಳ ತಿಂದದ್ದು ಕಾಣುತ್ತದಲ್ಲ, ಹಾಗೆಯೇ. ಮೈ ಎತ್ತಿಟ್ಟ ಮೇಲೆ ಚಾಸಿಯ ಪಕ್ಕದ ತೋಳುಗಳು ಕೊಳೆತದ್ದು ಕಂಡಿತು. ಅವನ್ನು ಕತ್ತರಿಸಿ ಹೊಸ ಕಬ್ಬಿಣ ಬೆಸೆದದ್ದಾಯಿತು. ಎಂಜಿನ್ ಬಿಚ್ಚಿದರೆ ಸಿಲಿಂಡರ್ ಸವೆದು ಮೊಟ್ಟೆಯ ಆಕಾರ. ಕೊಲ್ಲಾಪುರಕ್ಕೆ ಒಯ್ದು ಬೋರ್ ಹಿಗ್ಗಿಸಿ ದೊಡ್ಡ ಪಿಸ್ಟನ್ ಹಾಕಿಸಿದರು. ಪಿಸ್ಟನ್ ಸರಿಯಾದ ಮೇಲೆ ಕ್ರ್ಯಾಂಕಿನ ಬೇರಿಂಗು ಹೋಗಿರುವುದು ತಿಳಿಯಿತು. ಹೆರಾಲ್ಡ್ ಆಗಲೇ ನಿಂತುಹೋದ ಗಾಡಿ, ಅದರ ಬಿಡಿಭಾಗಗಳಿಗೆ ನಿಪ್ಪಾಣಿ, ಕೊಲ್ಲಾಪುರ, ಮಿರಜ, ಪುಣೆ ಸುತ್ತಿದರು. ತಗಡನ್ನು ಮರಳಿನ ಚೀಲದ ಮೇಲಿಟ್ಟು ಮರದ ಸುತ್ತಿಗೆಯಿಂದ ಬಡಿದು ಬಡಿದು ಬಾನೆಟ್ಟಿಗೆ ಡೊಂಕು ತಂದರು. ಒಂದು ಕಡೆಯ ಮಡ್‌ಗಾರ್ಡು ಮತ್ತೊಂದರ ಹಾಗೆ ಬರಲಿಲ್ಲವೆಂದು ಮೂರು ಸಲ ಮುರಿದರು. ಮುಂದಿನ ಬಾಗಿದ ಗಾಜು ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಸಪಾಟ ಗಾಜು ಕೂಡಿಸಿದರು. ಹೀಗಾಗಿ ಗಾಡಿ ಮುಂದಿನಿಂದ ನೋಡಿದರೆ ಜೀಪು, ಹಿಂದಿನಿಂದ ನೋಡಿದರೆ ಕಾರು.

ನಟ್ಟು ಬೋಲ್ಟುಗಳನ್ನು ಯಾವುದು ಎಲ್ಲಿಯದು ಎಂದು ತಿಳಿಯುವಂತೆ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸುವುದು ನನ್ನ ಪಾಲಿನ ಕೆಲಸ. ಮಾಮಿಯ ಅಡುಗೆಮನೆಯ ಡಬ್ಬಿಗಳು ಒಂದೊಂದೇ ಗ್ಯಾರೇಜಿಗೆ ಹೋದವು. ಒಂದು ದಿನ ಸಾಸಿವೆ ಡಬ್ಬಿ ಕಾಣೆಯಾದಾಗ ಮಾಮಿ ಅಂದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಈಗ ಆ ವಹಿಯ ವಿಷಯಕ್ಕೆ ಬರುತ್ತೇನೆ. ಮಾಮಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವರು. ಎರಡು ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕುತ್ತಿದ್ದರು. ಹಾಲಿನ ಲೆಕ್ಕ ಬರೆಯುವ ವಹಿಯ ಹಿಂದಿನ ಪುಟಗಳಲ್ಲಿ 'ಗಾಡಿ ಖಾತೆ' ಎಂದು ತಲೆಬರಹ ಕೊಟ್ಟು ಪ್ರತಿ ಖರ್ಚನ್ನೂ ಬರೆದಿಟ್ಟರು. ಗುಜರಿ ಗಾಡಿ 4,200. ಬೋರ್, ಪಿಸ್ಟನ್ 1,850. ತಗಡು 1,375. ಟಾಯರ್ ನಾಲ್ಕು 2,100. ಗಾಜು 580. ಅದರ ಕೆಳಗೆ, ಒಡೆದದ್ದಕ್ಕೆ ಇನ್ನೊಂದು, ಮತ್ತೆ 580. ನಡುವೆ ಒಂದು ಕಡೆ, 'ಪಾಟ್ಲಿ ಎರಡು, ಅಡವು' ಎಂದಿದೆ. ಆ ವರ್ಷ ಗ್ಯಾರೇಜಿನ ದುಡಿಮೆಯೆಲ್ಲ ಗಾಡಿಗೆ ಹೋಗಿ, ಮಳೆಯೂ ಕೈಕೊಟ್ಟು, ಮಗಳ ಹೈಸ್ಕೂಲಿನ ಫೀಸು, ಬೇರಿಂಗಿನ ಬೆಲೆ ಎರಡೂ ಒಂದೇ ವಾರ ಎದುರು ನಿಂತವು. ಮಾಮಿ ಪಾಟ್ಲಿ ತೆಗೆದುಕೊಟ್ಟು, "ಮೊದಲ ಫೀ ತುಂಬ್ರಿ, ಉಳದ್ರ ಬೇರಿಂಗ ತರ್ರಿ" ಎಂದರು. ಹದಿನಾಲ್ಕು ತಿಂಗಳ ನಂತರದ ಪುಟದಲ್ಲಿ 'ಪಾಟ್ಲಿ ಬಿಡಿಸಿದ್ದು, ಹಾಲಿನ ರೊಕ್ಕ' ಎಂದಿದೆ.

ಇತಿಹಾಸ ಕಲಿಸುವ ನನಗೆ ಈ ವಹಿ ಒಂದು ಶಾಸನವಿದ್ದ ಹಾಗೆ. ಕಾರಿನ ಇತಿಹಾಸವನ್ನು ಪುಸ್ತಕಗಳು 'ಅವನು ಒಬ್ಬನೇ ಕಟ್ಟಿದ' ಎಂದು ಹೇಳುತ್ತವೆ. ಸ್ವಲ್ಪ ಕೆದಕಿದರೆ ಪ್ರತಿ ಸಲವೂ ಮನೆಯೊಳಗಿಂದ ಯಾರೋ ಒಬ್ಬಾಕೆ ಎದ್ದು ಬರುತ್ತಾಳೆ. ಕಿರ್ಲೋಸ್ಕರರು ಸೈಕಲ್ ಅಂಗಡಿ ಇಟ್ಟ ಅದೇ 1888ರ ಆಗಸ್ಟಿನಲ್ಲಿ, ಜರ್ಮನಿಯಲ್ಲಿ ಬರ್ಥಾ ಬೆಂಜ್ ಗಂಡನಿಗೆ ಹೇಳದೆ ಅವನ ಮೂರು ಗಾಲಿಯ ಮೋಟಾರು ಹತ್ತಿ, ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ, ನೂರು ಕಿಲೋಮೀಟರಿಗೂ ಹೆಚ್ಚು ದೂರದ ತವರಿಗೆ ಹೋದಳು. ಇಂಧನದ ನಳಿಕೆ ಕಟ್ಟಿದಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು, ಬ್ರೇಕ್ ಸವೆದಾಗ ದಾರಿಯಲ್ಲಿ ಚಮ್ಮಾರನಿಂದ ತೊಗಲು ಹಚ್ಚಿಸಿಕೊಂಡಳು. ಕಾರ್ಲ್ ಬೆಂಜನ ಕಾರ್ಖಾನೆ ಮೊದಲು ಉಳಿದುಕೊಂಡದ್ದೂ ಅವಳ ವರದಕ್ಷಿಣೆಯ ಹಣದಿಂದಲೇ. ಅಮೆರಿಕದಲ್ಲಿ 1893ರ ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ಹೆನ್ರಿ ಫೋರ್ಡ್ ತನ್ನ ಮೊದಲ ಎಂಜಿನ್ನನ್ನು ಅಡುಗೆಮನೆಯ ಪಾತ್ರೆ ತೊಳೆಯುವ ಕಟ್ಟೆಗೆ ಬಿಗಿದು ನಡೆಸಿ ನೋಡಿದ. ಹನಿ ಹನಿಯಾಗಿ ಪೆಟ್ರೋಲು ಬಿಟ್ಟವಳು ಹೆಂಡತಿ ಕ್ಲಾರಾ. ಎರಡು ತಿಂಗಳೂ ತುಂಬದ ಕೂಸು ಪಕ್ಕದಲ್ಲಿ ಮಲಗಿತ್ತು. ಹಬ್ಬದ ಅಡುಗೆಯನ್ನು ಬದಿಗಿಟ್ಟು ಅವಳು ನಿಂತಳಂತೆ. 1948ರಲ್ಲಿ ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ಹಳೆಯ ಆಸ್ಟಿನ್ ಸೆವೆನ್ ಕಾರಿನ ಮೇಲೆ ತನ್ನ ಮೊದಲ ಗಾಡಿ ಕಟ್ಟಿದ್ದು ತಾನು ಮುಂದೆ ಮದುವೆಯಾದ ಹೇಜಲ್ ಎಂಬಾಕೆಯ ತಂದೆಯ ಮನೆಯ ಹಿಂದಿನ ಗ್ಯಾರೇಜಿನಲ್ಲಿ. ಲೋಟಸ್ ಎಂಬ ಹೆಸರಾಂತ ಕಂಪನಿ 1952ರಲ್ಲಿ ಶುರುವಾಗಿದ್ದು ಅವಳು ಕೊಟ್ಟ 25 ಪೌಂಡಿನಿಂದ ಎನ್ನುತ್ತಾರೆ.

ನಮ್ಮ ಮಾಮಿಯೂ ಬರಿಯ ಹಣ ಕೊಟ್ಟು ಕೂರಲಿಲ್ಲ. ಕಾರಿನ ಬ್ರೇಕು ನಡೆಯುವುದು ಎಣ್ಣೆಯ ಒತ್ತಡದಿಂದ. ನಳಿಕೆಯಲ್ಲಿ ಗಾಳಿ ಸೇರಿದ್ದರೆ ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಒಳಗೆ ಕುಳಿತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಲಿಯ ಕಡೆ ಮಲಗಿ ನಿಪ್ಪಲ್ ಸಡಿಲಿಸಿ ಗಾಳಿಗುಳ್ಳೆ ಹೋದ ಕೂಡಲೇ ಬಿಗಿಯಬೇಕು. ನಾಲ್ಕೂ ಗಾಲಿಗೆ ಮತ್ತೆ ಮತ್ತೆ. ಗ್ಯಾರೇಜಿನ ಹುಡುಗರು ಮನೆಗೆ ಹೋದ ಮೇಲೆ ರಾತ್ರಿ ಕಂದೀಲಿನ ಬೆಳಕಿನಲ್ಲಿ ಮಾಮಿ ಸೆರಗು ಸಿಕ್ಕಿಸಿ ಸ್ಟಿಯರಿಂಗಿನ ಮುಂದೆ ಕೂಡುತ್ತಿದ್ದರು. ಕೆಳಗಿನಿಂದ "ಒತ್ತು", ಮೇಲಿನಿಂದ "ಒತ್ತೇನ್ರಿ". ಕೆಳಗಿನಿಂದ "ಬಿಡು", ಮೇಲಿನಿಂದ "ಬಿಟ್ಟೇನ್ರಿ". ಹಾಗೆ ಒತ್ತುತ್ತ ಒತ್ತುತ್ತ ಅವರ ಪಾದಕ್ಕೆ ಬ್ರೇಕಿನ ಗುಣ ತಿಳಿದುಹೋಗಿತ್ತು.

1989ರ ದಸರೆಯ ಖಂಡೆಪೂಜೆಗೆ ಗಾಡಿ ಹೊರಗೆ ತೆಗೆಯುವುದೆಂದು ನಿಶ್ಚಯವಾಯಿತು. ಹಿಂದಿನ ದಿನ ಮಾಮಿ ಸುಮ್ಮನೆ ಪೆಡಲ್ ಒತ್ತಿ ನೋಡಿ, "ಎರಡ ದಿನದ ಹಿಂದ ಹಿಂಗ ಇರಲಿಲ್ರಿ, ಮೆತ್ತಗಾಗೇತಿ" ಎಂದರು. ಮಾಮಾ ಒಪ್ಪಲಿಲ್ಲ. ಎಲ್ಲ ಸರಿ ಇದೆ, ಊರ ಮಂದಿಗೆ ಹೇಳಿಯಾಗಿದೆ ಎಂದು ರೇಗಿದರು. ಮಾಮಿ ಗಾಡಿಯಿಂದ ಇಳಿಯಲಿಲ್ಲ. ಕೊನೆಗೆ ಗಾಲಿ ಬಿಚ್ಚಿ ನೋಡಿದರೆ ಹಿಂದಿನ ಬಲಗಾಲಿಯ ಸಿಲಿಂಡರಿನ ರಬ್ಬರು ಸೀಳಿ ಎಣ್ಣೆ ಸೋರುತ್ತಿತ್ತು. ಹಾಗೆಯೇ ಹೊರಟಿದ್ದರೆ ನದಿಯ ಕಡೆಯ ಇಳಿಜಾರಿನಲ್ಲಿ ಏನಾಗುತ್ತಿತ್ತೋ. ಖಂಡೆಪೂಜೆಯ ದಿನ ಗಾಡಿ ಹೊರಬರಲಿಲ್ಲ. ಹತ್ತು ದಿನ ತಡವಾಗಿ, ಯಾವ ವಾದ್ಯವೂ ಇಲ್ಲದೆ ಹೊರಬಂತು. ಆ ದಿನ ಮಾಮಿ ಆರತಿ ಎತ್ತಿದರು.

ಗಾಡಿ ಓಡಿದ ಮೇಲೆ ಕಾಗದದ ಪರದಾಟ ಶುರುವಾಯಿತು. 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂದಿತ್ತು. ಮಾಮಾ ಗಾಡಿ ಒಯ್ದ ಕಚೇರಿಯಲ್ಲಿ, "ಪುಸ್ತಕದಾಗ ಒಂದ ಐತಿ, ಇಲ್ಲಿ ನಿಂತದ್ದು ಒಂದ ಐತಿ, ಇದು ಯಾವ ಕಂಪನಿ?" ಎಂಬ ಪ್ರಶ್ನೆ. ಚಾಸಿಯ ನಂಬರು, ಎಂಜಿನ್ನಿನ ನಂಬರು ಹಳೆಯವೇ ಇದ್ದುದರಿಂದ, ಮೈ ಬದಲಾದದ್ದನ್ನು ಬರೆಸಿಕೊಳ್ಳಲು ಹನ್ನೊಂದು ಸಲ ಓಡಾಡಬೇಕಾಯಿತು. ಆ ಬಸ್ಸಿನ ಖರ್ಚೂ ವಹಿಯಲ್ಲಿದೆ. ಈಗಂತೂ ಅಷ್ಟು ಕೂಡ ಆಗದು. ಕಂಪನಿ ಮಾಡಿಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸಬಾರದೆಂದು ಅದೇ ಕಾಯ್ದೆಯ 52ನೆಯ ಕಲಮಿನ ಆಧಾರದ ಮೇಲೆ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ರಸ್ತೆಯಲ್ಲಿ ನಡೆದುಹೋಗುವ ಮಕ್ಕಳ ಜೀವ ನೆನೆದರೆ ಆ ನಿಯಮವನ್ನು ಬರಿಯ ಕಿರುಕುಳ ಎನ್ನಲು ನನಗೆ ಬಾಯಿ ಬರುವುದಿಲ್ಲ. ಸೀಳಿದ ಆ ರಬ್ಬರನ್ನು ನಾನು ನೋಡಿದ್ದೇನೆ.

ಆದರೂ ಹುಚ್ಚು ನಿಂತಿಲ್ಲ. ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆಯ ಕಮ್ಮಾರ ದತ್ತಾತ್ರೇಯ ಲೋಹಾರ ಅವರು ಮಗನ ಆಸೆಗಾಗಿ ಸುಮಾರು 60 ಸಾವಿರ ರೂಪಾಯಿಯಲ್ಲಿ, ಗುಜರಿ ಸಾಮಾನಿನಿಂದ ಪುಟ್ಟ ಜೀಪು ಕಟ್ಟಿದ್ದನ್ನು 2021ರ ಡಿಸೆಂಬರಿನಲ್ಲಿ ದೇಶವೆಲ್ಲ ನೋಡಿತು. ಬೈಕಿನ ಹಾಗೆ ಒದ್ದು ಚಾಲೂ ಮಾಡುವ ಗಾಡಿ ಅದು. ನಿಯಮಕ್ಕೆ ಹೊಂದದ ಆ ಗಾಡಿಯನ್ನು ಇಂದಲ್ಲ ನಾಳೆ ಅಧಿಕಾರಿಗಳು ತಡೆಯುತ್ತಾರೆಂದು ತಿಳಿದೇ ಉದ್ಯಮಿ ಆನಂದ ಮಹೀಂದ್ರಾ ಅದನ್ನು ತಮ್ಮ ಸಂಶೋಧನಾ ಕೇಂದ್ರಕ್ಕೆ ಪಡೆದು, 2022ರ ಜನವರಿಯಲ್ಲಿ ಬದಲಿಗೆ ಹೊಸ ಬೊಲೆರೊ ಕೊಟ್ಟರು. ಕಟ್ಟಿದವನ ಕೈಗೆ ಮರ್ಯಾದೆ ಸಿಕ್ಕಿತು. ಶಂಕರರಾವ್ ಕುಲಕರ್ಣಿಯವರ ಕಾಲದಲ್ಲಿ ಹೀಗೆ ಕಣ್ಣೆತ್ತಿ ನೋಡುವವರಿದ್ದರೆ ಎಂದು ಅನಿಸದೆ ಇರದು.

ನಮ್ಮ ಮಾಮಾನ ಗಾಡಿ ಹನ್ನೆರಡು ವರ್ಷ ಓಡಿತು. ಹೆರಿಗೆಗೆಂದು ಎಷ್ಟೋ ಹೆಣ್ಣುಮಕ್ಕಳನ್ನು ರಾತ್ರಿ ಹೊತ್ತು ಚಿಕ್ಕೋಡಿಗೆ ಒಯ್ದಿತು. ನನ್ನ ಮದುವೆಯ ದಿಬ್ಬಣಕ್ಕೂ ಬಂತು, ಬರುವಾಗ ದಾರಿಯಲ್ಲಿ ಎರಡು ಸಲ ನಿಂತಿತು. ಆಮೇಲೆ ಗುಜರಿಗೆ ಹೋಯಿತು, ತೂಕದ ಲೆಕ್ಕದಲ್ಲಿ. 'ಗಾಡಿ ಮಾರಿದ್ದು, ಜಮಾ' ಎಂದು ಬರೆದು ಮಾಮಿ ಖಾತೆಗೆ ಗೆರೆ ಎಳೆದಿದ್ದಾರೆ. ಕಟ್ಟಲು ಆದ ಖರ್ಚೆಲ್ಲ ಕೂಡಿ 21,760 ರೂಪಾಯಿ. ಮಾರುತಿ ಬಂದಾಗ ಅದರ ಬೆಲೆ ಸುಮಾರು 47,500 ಇತ್ತು. ನೋಡಿದರೆ ಲಾಭವೆಂದೇ ಕಾಣುತ್ತದೆ. ಆದರೆ ಏಳು ವರ್ಷದ ಮಾಮಾನ ಕೂಲಿ, ಮಾಮಿಯ ನಿದ್ದೆಗೆಟ್ಟ ರಾತ್ರಿಗಳು ಅದರಲ್ಲಿಲ್ಲ. ಅವನ್ನು ಸೇರಿಸಿದರೆ ಮನೆಯಲ್ಲಿ ಕಟ್ಟಿದ ಕಾರು ಯಾವ ಕಾಲಕ್ಕೂ ಅಗ್ಗವಲ್ಲ.

ಹಾಗಾದರೆ ಬಂದದ್ದೇನು? ಆ ಗಾಡಿಯ ಮೇಲೆ ಕೈ ತಿರುಗಿದ ಇಬ್ಬರು ಹುಡುಗರು ಸ್ವಂತ ಗ್ಯಾರೇಜು ಇಟ್ಟರು. ಪಾಟ್ಲಿ ಅಡವಿಟ್ಟ ಹಣದಿಂದ ಫೀಸು ತುಂಬಿಸಿಕೊಂಡ ಮಾಮಾನ ಮಗಳು, ಗಾಡಿಯ ವೈರಿಂಗ್ ಎಳೆಯುವಾಗ ತಂದೆಯ ಕೈಗೆ ಟೆಸ್ಟರ್ ಕೊಡುತ್ತ ನಿಂತವಳು, ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದಳು. ಆ ಕಾಲಕ್ಕೆ ನಮ್ಮ ಕಡೆ ಹೆಣ್ಣುಮಗಳು ಆ ಓದಿಗೆ ಹೋದದ್ದು ಸಣ್ಣ ಮಾತಲ್ಲ. ಇನ್ನು ಮಾಮಾ, ಬಿಚ್ಚಿದ್ದನ್ನು ಮತ್ತೆ ಕೂಡಿಸಬಲ್ಲೆ ಎಂಬ ಧೈರ್ಯದಲ್ಲೇ ಬಾಳಿದರು. ಮಾಮಿಯನ್ನು ಕೇಳಿದರೆ, "ಲೆಕ್ಕದಾಗ ಲುಕ್ಸಾನ ಆಗೇತಿ ನೋಡವಾ. ಆದ್ರ ಅವರು ಶೆರೆ ಕುಡೀಲಿಲ್ಲ, ಇಸ್ಪೀಟ ಆಡಲಿಲ್ಲ, ಏಳ ವರ್ಷ ಮನಿ ಮುಂದ ಇದ್ರು" ಎನ್ನುತ್ತಾರೆ. ಅವರಿಗೀಗ ಎಂಬತ್ತು ದಾಟಿದೆ.

ಓದುವ ಅಕ್ಕತಂಗಿಯರಲ್ಲಿ ಯಾರದಾದರೂ ಮನೆಗೆ ಗಂಡನೋ ಮಗನೋ, ಈಗಿನ ಕಾಲಕ್ಕೆ ಮಗಳೋ ಸೊಸೆಯೋ, ಹಳೆಯ ಎಂಜಿನ್ನು ತಂದು ಅಂಗಳದಲ್ಲಿ ಹರವಿದರೆ ಕೂಡಲೇ ಬೇಡ ಎನ್ನಬೇಡಿ. ಮೊದಲು ಒಂದು ವಹಿ ತೆಗೆದು ಮೊದಲ ದಿನದಿಂದಲೇ ಖರ್ಚು ಬರೆಯಲು ಹಚ್ಚಿರಿ. ಮಕ್ಕಳ ಫೀಸು ಬೇರೆ, ಗಾಡಿಯ ರೊಕ್ಕ ಬೇರೆ ಎಂದು ಗೆರೆ ಎಳೆಯಿರಿ. ರಸ್ತೆಗೆ ಇಳಿಸುವ ಮುಂಚೆ ಕಾನೂನು ಏನು ಹೇಳುತ್ತದೆ ಎಂದು ವಿಚಾರಿಸಲು ಹೇಳಿರಿ. ಬ್ರೇಕಿನ ಗಾಳಿ ತೆಗೆಯುವಾಗ ಒಳಗೆ ನೀವೇ ಕೂಡಿರಿ.